ಅತ್ತೆ ಕಾಣದ ಮಕ್ಕಾ

ಅಪ್ಪನ ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಸಿಂದಗಿಯ ನಮ್ಮ ಮನೆಗೆ ಬಂದವಳು. ನಾನು ಅವಳನ್ನು ಅತ್ತೆ ಎನ್ನುತ್ತಿದ್ದೆ. ಹೆತ್ತವ್ವನಿಗಿಂತ ಹೆಚ್ಚು ನನ್ನನ್ನು ಎತ್ತಿ ಆಡಿಸಿದವಳು ಅವಳೇ.

ನಮ್ಮದು ಗಾದಿ ಹೊಲಿಯುವ ಮನೆತನ. ಅಪ್ಪ ಬಸ್ ಕಂಡಕ್ಟರ್ ಆದ ಮೇಲೂ ಅತ್ತೆ ಆ ಕೆಲಸ ಬಿಡಲಿಲ್ಲ. ಹಳೆಯ ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹಿಂಜಿ, ಹೊಸ ಬಟ್ಟೆಗೆ ತುಂಬಿ ಹೊಲಿಯುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ಹುಬ್ಬು, ರೆಪ್ಪೆಗಳೆಲ್ಲ ಬೆಳ್ಳಗಾಗಿರುತ್ತಿದ್ದವು. ಕನ್ನೊಳ್ಳಿ ಕಡೆಯವರು ಮದುವೆ ಗೊತ್ತಾದರೆ ಬಟ್ಟೆಯಂಗಡಿಗಿಂತ ಮೊದಲು ನಮ್ಮ ಮನೆಗೆ ಬರುತ್ತಿದ್ದರು.

ಅವಳಿಗಿದ್ದದ್ದು ಒಂದೇ ಆಸೆ, ಸಾಯುವುದರೊಳಗೆ ಮಕ್ಕಾ ನೋಡಬೇಕು. ಹಜ್ ಮುಗಿಸಿ ಬಂದವರು ಯಾರೇ ಸಿಗಲಿ, ಅವರ ಕೈ ಹಿಡಿದು ಕೂರಿಸಿಕೊಂಡು ಕೇಳುತ್ತಿದ್ದಳು. “ಅಲ್ಲಿ ನೆಲ ಹೆಂಗ ಐತ್ರಿ? ಬಿಸಲಾಗ ಕಾಲ ಸುಡ್ತಾವೇನ್ರಿ?” ಅವರು ಇಲ್ಲ, ಕಲ್ಲು ತಣ್ಣಗಿರುತ್ತದೆ ಎಂದರೆ ಮಗುವಿನಂತೆ ಖುಷಿಪಡುತ್ತಿದ್ದಳು.

ಗಾದಿ ಹೊಲಿದು ಬಂದ ರೊಕ್ಕವನ್ನೆಲ್ಲ ಅವಳು ಪೇಟೆಯ ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದಳು. ದೊಡ್ಡ ಬ್ಯಾಂಕುಗಳಲ್ಲಿ ಅವಳ ಮಾತು ಅವರಿಗೆ ತಿಳಿಯುತ್ತಿರಲಿಲ್ಲ, ಅವರ ಮಾತು ಅವಳಿಗೆ. ಇಲ್ಲಿಯವರು “ಬಾ ಅಬ್ಬೇ, ಕೂಡ್ರು” ಎಂದು ಚೀಟಿ ತಾವೇ ಬರೆದು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಆ ಒಂದು ಮಾತಿಗೇ ಅವಳು ಬೇರೆ ಕಡೆ ಹೋಗಲಿಲ್ಲ.

ಅಪ್ಪ ನಿವೃತ್ತನಾದ ಮೇಲೆ ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಹಜ್‌ಗೆ ಅರ್ಜಿ ಹಾಕಿದರು. ಚೀಟಿ ಎತ್ತಿದಾಗ ಇಬ್ಬರ ಹೆಸರೂ ಬಂತು. ನಾನಾಗ ಲಚ್ಯಾಣದ ಸಾಲೆಯಲ್ಲಿ ಟೀಚರ್. ಸುದ್ದಿ ಕೇಳಿ ಮುಂದಿನ ಬಸ್ಸಿಗೇ ಊರಿಗೆ ಬಂದೆ. ಅತ್ತೆ ಓಣಿಯ ಮನೆಮನೆಗೂ ಹೋಗಿ ಸಕ್ಕರೆ ಹಂಚುತ್ತಿದ್ದಳು.

ಆ ವಾರವೇ ಬ್ಯಾಂಕಿನ ಸುದ್ದಿ ಬಂತು. ಮೊದಲು ಜನರ ಮೊಬೈಲಿನಲ್ಲಿ, ಆಮೇಲೆ ಬ್ಯಾಂಕಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ. ಸಾಲ ಕೊಟ್ಟದ್ದು ತಿರುಗಿ ಬಂದಿಲ್ಲ, ಮುಂದಿನ ಆದೇಶದವರೆಗೆ ಖಾತೆಗೆ ಇಷ್ಟೇ ಎಂದು ಒಂದು ಸಣ್ಣ ಮೊತ್ತ ಬಿಟ್ಟು ಯಾರೂ ಏನೂ ತೆಗೆಯುವಂತಿಲ್ಲ. ಆ ಮೊತ್ತ ಅತ್ತೆ ಹಜ್‌ಗೆ ಕಟ್ಟಬೇಕಿದ್ದ ಮೊದಲ ಕಂತಿನ ಮೂಲೆಗೂ ಸಾಲುತ್ತಿರಲಿಲ್ಲ.

ನಾನೇ ಅವಳನ್ನು ಕರೆದುಕೊಂಡು ಹೋದೆ. ಬ್ಯಾಂಕಿನ ಮುಂದೆ ರಸ್ತೆಯವರೆಗೂ ಜನ. ಬಾಗೇವಾಡಿಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳು ಗಂಡನ ಆಪರೇಷನ್ನಿನ ಚೀಟಿಯನ್ನು ಎಲ್ಲರಿಗೂ ತೋರಿಸುತ್ತಿದ್ದಳು. ಮ್ಯಾನೇಜರು ಒಳಗೆ ಕೈಮುಗಿದುಕೊಂಡೇ ನಿಂತಿದ್ದರು.

“ಸಾಹೇಬ್ರ, ನಾ ಏನ್ ಎಲ್ಲಾರ್ದೂ ಕೇಳಾಕತ್ತಿಲ್ಲ. ನಂದು ನನಗ ಕೊಡ್ರಿ” ಎಂದಳು ಅತ್ತೆ.

“ನಿಮ್ದ ಐತಿ ಅಬ್ಬೇ, ಎಲ್ಲೂ ಹೋಗೂದಿಲ್ಲ. ಖರೇ ಅಂದ್ರ ಈಗ ಕೊಡಾಕ ನನಗ ಹುಕುಂ ಇಲ್ಲ.”

“ಹಂಗಾರ ಯಾವಾಗ?”

ಅವರು ತಲೆ ತಗ್ಗಿಸಿದರು. ಅತ್ತೆ ಹೊರಗೆ ಬಂದು, ಅಳುತ್ತಿದ್ದ ಬಾಗೇವಾಡಿಯ ಹೆಣ್ಣುಮಗಳ ಬೆನ್ನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಳು.

ಮನೆಯಲ್ಲಿ ನಾನು ಕಂತು ಕಟ್ಟುತ್ತೇನೆ ಎಂದೆ. ಅಪ್ಪ ತನ್ನ ಪಾಲು ಅವಳಿಗೆ ಕೊಟ್ಟು ತಾನು ಉಳಿಯುತ್ತೇನೆ ಎಂದ.

“ಸಾಲಾ ಮಾಡಿ ಹೋಗೂ ಜಾಗಾ ಅಲ್ಲ ಅದು” ಎಂದಳು ಅತ್ತೆ. “ನನ್ನ ರೊಕ್ಕ ಇರೂವಾಗ ನಾ ಯಾಕ ಇನ್ನೊಬ್ಬರ ಕೈ ನೋಡ್ಲಿ? ತಮ್ಮಾ, ನೀ ಹೋಗಿ ಬಾ. ಕರೆ ಬಂದಾಗ ಒಲ್ಲೆ ಅನಬ್ಯಾಡ. ನಂದು ಬರೂ ವರ್ಷ ಆಗ್ತೈತಿ.”

ಅಪ್ಪ ಒಬ್ಬನೇ ಹೋದ. ಅವನ ಬಿಳಿ ಬಟ್ಟೆಗಳನ್ನು ಒಗೆದು ಮಡಚಿದವಳು, ದಾರಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದವಳು ಅವಳೇ. ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಅಪ್ಪನ ಕೊರಳಿಗೆ ಹೂವಿನ ಹಾರ ಹಾಕುವಾಗ ಅವಳು ಹಿಂದೆ ನಿಂತಿದ್ದಳು. ಬಸ್ಸು ತಿರುವು ದಾಟಿದ ಮೇಲೆ ಅಲ್ಲೇ ನೆಲದ ಮೇಲೆ ಕೂತಳು. ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಸದ್ದಿಲ್ಲದ ಅಳು. ಬುರ್ಖಾದ ತೋಳನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಅಲ್ಲಿಂದ ಅಪ್ಪ ವಿಡಿಯೋ ಕಾಲ್ ಮಾಡಿ ಫೋನನ್ನು ಕಾಬಾದ ಕಡೆ ಹಿಡಿದ. “ಅಕ್ಕಾ, ನೋಡು, ಕಾಣ್ತೈತೇನು?” ಚಿತ್ರ ನಡುಗುತ್ತಿತ್ತು, ಜನರ ತಲೆಗಳೇ ಹೆಚ್ಚು. ಅತ್ತೆ “ಕಂಡಿತು ತಮ್ಮಾ, ಕಂಡಿತು” ಎಂದು ಫೋನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವಳು ಪರದೆಯ ಕಡೆ ಸರಿಯಾಗಿ ನೋಡಿರಲೇ ಇಲ್ಲ.

ಬ್ಯಾಂಕು ಮತ್ತೆ ತೆರೆಯಲಿಲ್ಲ. ವಿಮೆಯಿಂದ ಠೇವಣಿದಾರರಿಗೆ ರೊಕ್ಕ ಕೊಡುತ್ತಾರೆಂದು ಕಾಗದ ಬಂತು. ಓಡಾಟವೆಲ್ಲ ಮುಗಿದು ಅತ್ತೆಯ ರೊಕ್ಕ ಪೂರ್ತಿ ಬಂದೇ ಬಂತು. ನಾವು ಮತ್ತೆ ಅರ್ಜಿ ಹಾಕುವ ತಯಾರಿ ನಡೆಸಿದೆವು. ಆದರೆ ಅಷ್ಟರಲ್ಲಿ ಅವಳಿಗೆ ಅಂಗಳ ದಾಟಿದರೆ ಉಬ್ಬಸ. ವಿಜಯಪುರದ ಡಾಕ್ಟರು ಎಕ್ಸ್‌ರೇ ನೋಡಿ, “ಇಷ್ಟ ವರ್ಷದ ಅರಳಿ ಧೂಳ ಎದಿಯಾಗ ಕುಂತೈತ್ರಿ. ವಿಮಾನಾ, ಆ ಜನಾ, ಆ ಬಿಸಲು, ಇವರಿಗೆ ಆಗೂದಿಲ್ಲ. ನಾ ಸರ್ಟಿಫಿಕೇಟ್ ಕೊಡಾಕ ಬರೂದಿಲ್ರಿ” ಎಂದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅಪ್ಪ ಮೆಲ್ಲಗೆ ಹೇಳಿದ. “ಅಕ್ಕಾ, ಆಗದವರ ಹೆಸರಲೇ ಇನ್ನೊಬ್ಬರು ಹಜ್ ಮಾಡಬಹುದು. ನಂದು ಆಗೈತಿ. ನಿನ್ನ ರೊಕ್ಕದಾಗ, ನಿನ್ನ ಹೆಸರಲೇ ನಾ ಮಾಡಿ ಬರ್ತೇನಿ. ಪುಣ್ಯಾ ನಿನಗ ಮುಟ್ಟತೈತಿ.”

ಅತ್ತೆ ಕಿಟಕಿಯಿಂದ ಅವನ ಕಡೆ ತಿರುಗಿದಳು.

“ಪುಣ್ಯಾ ಮುಟ್ಟತೈತಿ ತಮ್ಮಾ, ಇಲ್ಲ ಅನ್ನೂದಿಲ್ಲ. ನಾ ನೋಡಬೇಕಂತಿದ್ದೆ. ನೀ ನೋಡಿದ್ರ ನನಗ ಕಾಣೂದಿಲ್ಲಲ್ಲ.”

ಮುಂದಿನ ರಮ್ಜಾನ್ ಬರುವ ಮೊದಲೇ ಅವಳು ಹೋದಳು. ಅವಳು ತೀರಿದ ಮೇಲೆ ಅಪ್ಪ ಅವಳ ಹೆಸರಿನಲ್ಲಿ ಹಜ್ ಮಾಡಿ ಬಂದ. ಹೋಗುವಾಗ ಯಾರಿಗೂ ಹೇಳಲಿಲ್ಲ, ಹಾರ ಹಾಕಿಸಿಕೊಳ್ಳಲಿಲ್ಲ. ಬಂದ ಮೇಲೆ ಅಲ್ಲಿಯದೊಂದು ಮಾತೂ ಆಡಲಿಲ್ಲ. ಪೇಟೆಯಲ್ಲಿ ಜನ ಗೌರವದಿಂದ “ಹಾಜಿಸಾಬ್ರ” ಎಂದು ಕೂಗುತ್ತಾರೆ. ಅವನು ಕೇಳಿಸದವನಂತೆ ಮುಂದೆ ನಡೆದುಬಿಡುತ್ತಾನೆ.