ಗಲ್ಲದ ಕೆಳಗಿನ ಹೆಸರು

ಪುಸ್ತಕ ಹೊಲಿಯುವ ಆಕೆಗೆ ಎರಡು ಹೆಸರು. ಒಂದು ಎಲ್ಲರ ಬಾಯಲ್ಲಿತ್ತು. ಇನ್ನೊಂದು ಗಂಡನ ಕೈಯಲ್ಲಿ ಮಾತ್ರ. ಅವನು ಎರಡು ಬೆರಳಿಂದ ಗಲ್ಲದ ಕೆಳಗೆ ಮೆಲ್ಲಗೆ ತಟ್ಟಿಕೊಂಡನೆಂದರೆ ಅವಳನ್ನು ಕರೆದ ಹಾಗೆ. ತನ್ನ ಗಲ್ಲದ ಮಚ್ಚೆ ನೋಡಿಯೇ ಇಟ್ಟ ಹೆಸರು ಎಂದು ಆಕೆ ನಂಬಿದ್ದಳು.

ಗಂಡ ಹುಟ್ಟುಕಿವುಡ. ಇಬ್ಬರೂ ಒಂದೇ ಬೈಂಡಿಂಗ್ ಅಂಗಡಿಯಲ್ಲಿ ಎದುರುಬದುರು ಕೂತು ದುಡಿದವರು. ಕಾಗದ ಕತ್ತರಿಸುವ ಯಂತ್ರದ ಗದ್ದಲದಲ್ಲಿ ಕಿವಿಯಿದ್ದವರಿಗೂ ಏನೂ ಕೇಳುತ್ತಿರಲಿಲ್ಲ. ಆಕೆ ಸನ್ನೆ ಕಲಿತದ್ದು ಅಲ್ಲೇ. ಕೈಗೆ ಅಂಟು ಮೆತ್ತಿದ್ದಾಗ ಮೊಣಕೈಯಲ್ಲೇ ಜಗಳವಾಡುತ್ತಿದ್ದರು.

ಅವನು ಹೋದ ಮೇಲೆ ಆ ಹೆಸರು ಹಿಡಿದು ಕರೆಯುವವರು ಉಳಿಯಲಿಲ್ಲ. ಮಗನಿಗೆ ಇದು ತಲೆಗೆ ಹೋಗಲಿಲ್ಲ. “ಅಮ್ಮಾ ಅಂತೀನಲ್ಲ, ಸಾಲ್ದಾ?” ಎಂದ. ಆಕೆ ಕನ್ನಡಿಯ ಮುಂದೆ ನಿಂತು ಗಲ್ಲ ತಟ್ಟಿಕೊಂಡಳು. ಕರೆದದ್ದು ತನ್ನದೇ ಕೈ.

ಒಂದು ಮಧ್ಯಾಹ್ನ, ನಿಂತಿದ್ದ ಬಸ್ಸಿನ ಕಿಟಕಿಯಲ್ಲಿ ಯಾರೋ ಗಲ್ಲದ ಕೆಳಗೆ ತಟ್ಟಿಕೊಂಡರು. ಆಕೆ ಕೈಚೀಲವನ್ನು ಫುಟ್‌ಪಾತಿನಲ್ಲೇ ಬಿಟ್ಟು ಬಸ್ಸು ಹತ್ತಿದಳು. ಆತನ ಎದುರು ನಿಂತು ‘ಏನು?’ ಎಂದು ಸನ್ನೆ ಮಾಡಿದಳು.

“ಶೇವ್ ಮಾಡ್ಕೊಳ್ಳುವಾಗ ಕುಯ್ದೋಯ್ತು ಕಣಮ್ಮ,” ಎಂದ ಆತ, ಗಾಬರಿಯಾಗಿ. “ಯಾಕೆ?”

ಮನೆಯಲ್ಲಿ ಇದನ್ನು ಕೇಳಿದ ಸೊಸೆ ನಗಿಸಲು ನೋಡಿದಳು: “ಅತ್ತೆ, ಹಿಂಗಾದ್ರೆ ಊರಿನ ಗಂಡಸರ ಗಡ್ಡಕ್ಕೆಲ್ಲ ನೀವೇ ಓಗೊಡ್ಬೇಕಾಗುತ್ತೆ.” ಅತ್ತೆ ನಗಲಿಲ್ಲ. ಮರುವಾರ ಸೊಸೆ ಅವಳನ್ನು ಸನ್ನೆಭಾಷೆಯ ತರಗತಿಗೆ ಕರೆದೊಯ್ದಳು. ಅಲ್ಲಾದರೂ ಕೈಮಾತಿಗೆ ಜೊತೆ ಸಿಗಲಿ ಎಂದು.

ಶಿಕ್ಷಕಿಗೂ ಕಿವಿ ಕೇಳದು. ಆಕೆಯ ತೀರಿಹೋದ ಗಂಡ ಕಲಿತ ಕಿವುಡರ ಶಾಲೆಯಲ್ಲೇ ಅವಳೂ ಓದಿದ್ದು. ಬಂದವರೆಲ್ಲ ತಮ್ಮ ಸನ್ನೆಹೆಸರು ತೋರಿಸಬೇಕು, ಇಲ್ಲದವರಿಗೆ ಅವಳೇ ಒಂದು ಇಡುತ್ತಾಳೆ. ಆಕೆಯ ಸರದಿ ಬಂತು. ತೋರಿಸದಿದ್ದರೆ ಹೊಸ ಹೆಸರು ಬೀಳುತ್ತದೆ, ಹಳೆಯದು ಅವನೊಂದಿಗೇ ಮುಗಿಯುತ್ತದೆ. ತೋರಿಸಿದರೆ ಕಂಡಕಂಡವರ ಕೈಗೆಲ್ಲ ಸಿಗುತ್ತದೆ.

ಕೊನೆಗೆ ತಟ್ಟಿ ತೋರಿಸಿದಳು.

ಶಿಕ್ಷಕಿಯ ಭುಜಗಳು ನಗೆಯಿಂದ ಕುಲುಕಿದವು. ‘ಇದು ನಮ್ಮ ಶಾಲೆಯ ಹಳೇ ಸನ್ನೆ. ಬಾಯಿಬಡುಕಿ ಅಂತ!’

ಆಕೆ ಸನ್ನೆ ಮರೆತು ಬಾಯಿಬಿಟ್ಟೇ ಹೇಳಿದಳು: “ಮಚ್ಚೆಗಲ್ವಾ? ನನ್ನ ಮಾತು ಅವರಿಗೆ ಕೇಳ್ತಾನೇ ಇರ್ಲಿಲ್ಲವಲ್ಲ!”

ಶಿಕ್ಷಕಿ ತುಟಿ ಓದಿಕೊಂಡಳು. ‘ಕಾಣ್ತಿತ್ತಲ್ಲ.’

ಒಬ್ಬರನ್ನೊಬ್ಬರು ಕರೆಯುವ ಅಭ್ಯಾಸ ಶುರುವಾಯಿತು. ಎದುರಿನ ಬೆಂಚಿನ ಔಷಧಿ ಅಂಗಡಿಯಾಕೆ ಗಲ್ಲದ ಕೆಳಗೆ ತಟ್ಟಿಕೊಂಡಳು. ಒತ್ತು, ಬಿಡುವು, ಎಲ್ಲ ಗಂಡನ ಕೈಯಂತೆಯೇ ಇತ್ತು. ಯಾರೋ ತನ್ನ ಬೆನ್ನ ಹಿಂದೆ ನಿಂತು ಅವಳಿಗೆ ತೋರಿಸಿಕೊಟ್ಟ ಹಾಗೆ. ಆಕೆ ಓಗೊಡಲಿಲ್ಲ, ಹಿಂದಕ್ಕೆ ತಿರುಗಿ ಬಾಗಿಲತ್ತ ನೋಡಿದಳು. ಎರಡನೆಯ ಸಲ ಕರೆದಾಗಲೂ ಹಾಗೆಯೇ.

ಶಿಕ್ಷಕಿ ಹಲಗೆಯ ನೆಲವನ್ನು ಅದುರುವಂತೆ ಒದ್ದು ಆಕೆಯನ್ನು ತನ್ನತ್ತ ತಿರುಗಿಸಿಕೊಂಡಳು. ‘ಕರೀತಿರೋದು ಇಲ್ಲಿಂದ. ನಿಮ್ಮನ್ನೇ.’

ಆಕೆ ‘ಬಂದೆ’ ಎಂದು ಕೈಯೆತ್ತಿದಳು. ಆದರೆ ಎತ್ತಿದ್ದು ಬಾಗಿಲ ಕಡೆಗೆ.