ಅಳಿಯನ ಮಾತು ನಡೆಯದ ಮನೆ

ಸಾತನೂರಿನ ಕಡೆ ನಾನು ನರ್ಸಾಗಿದ್ದಾಗ, ಬಸುರಿಯರ ಗಂಡಂದಿರಿಗೆ ಅಪಾಯದ ಲಕ್ಷಣಗಳನ್ನು ತಿಳಿಸಿ ಎಂದು ಮೇಲಿನಿಂದ ಆದೇಶ ಬಂತು. ಗಂಡಸರು ಒಟ್ಟಿಗೆ ಸಿಗುವುದು ಹಾಲಿನ ಡೈರಿಯಲ್ಲಿ. ಬೆಳಿಗ್ಗೆ ಹಾಲು ಹಾಕಿ ಮುಗಿಯುತ್ತಲೇ ಕೂರಿಸಿಕೊಳ್ಳುತ್ತಿದ್ದೆ. ರಕ್ತ ಹೋಗುವುದು ಎಂದರೆ ಸಾಕು, ಮೀಸೆ ಹೊತ್ತವರೆಲ್ಲ ನೆಲ ನೋಡಿಕೊಂಡು ಕಿಸಕ್ಕನೆ ನಗುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ಒಂದೆರಡು ಸಲ ಬೈದೇಬಿಟ್ಟೆ.

ಒಬ್ಬ ಮಾತ್ರ ನಗಲಿಲ್ಲ. ಬಿಡದಿ ಕಡೆ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದರಲ್ಲಿ ಕಾಂಟ್ರಾಕ್ಟ್ ಕೆಲಸದವನು, ಮೊದಲ ಮಗುವಿಗೆ ಕಾಯುತ್ತಿದ್ದವನು. ಮುಖ ಊದುವುದು, ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮಗು ಮಿಸುಕದಿರುವುದು, ಎಲ್ಲವನ್ನೂ ಮಗ್ಗಿಯ ಹಾಗೆ ಒಪ್ಪಿಸಿದ. ನಾನು ಬೀಗಿದೆ.

ಆದರೆ ಅವನ ಹೆಂಡತಿ ಊರಿನಲ್ಲಿ ಇರಲೇ ಇಲ್ಲ. ಸೀಮಂತ ಮುಗಿಸಿ ಉಯ್ಯಂಬಳ್ಳಿ ಕಡೆಯ ತವರಿಗೆ ಹೋಗಿದ್ದಳು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ನನ್ನದೂ ಹಾಗೇ ಆದದ್ದು. ಆದರೂ ನನ್ನ ಮಂಕು ತಲೆಗೆ ಅದು ಹೊಳೆಯಲಿಲ್ಲ.

ಒಂದು ಭಾನುವಾರ ಅವನು ಬಿಡದಿಯ ಫೋನ್ ಬೂತಿನಿಂದ ಅತ್ತೆ ಮನೆಯ ಪಕ್ಕದ ಅಂಗಡಿಗೆ ಫೋನು ಮಾಡಿದ. ಮುಖ ಊದಿದೆ, ತಲೆನೋವು ಬಿಡುತ್ತಿಲ್ಲ, ಕಣ್ಣು ಮಂಜು ಎಂದಳು ಹೆಂಡತಿ. ಫೋನು ಅಮ್ಮನಿಗೆ ಕೊಡು ಎಂದ. ಈಗಲೇ ಕನಕಪುರದ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು ಅತ್ತೆಯನ್ನು ಅಂಗಲಾಚಿದ.

"ಬಸುರಿ ಅಂದ್ಮೇಲೆ ಊದದೆ ಇರ್ತಾಳಾ? ನಾನು ಐದು ಹೆತ್ತಿವ್ನಿ. ಎಂಗಸ್ರ ಇಚಾರ ನಿಮಗ್ಯಾಕೆ? ಸುಮ್ಕಿರಿ" ಎಂದು ಅತ್ತೆ ಫೋನು ಇಟ್ಟರಂತೆ.

ಅವನು ಸಿಕ್ಕ ಬಸ್ಸು ಹತ್ತಿದ. ಕನಕಪುರದಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು, ಮನೆ ಮುಟ್ಟುವಷ್ಟರಲ್ಲಿ ಅವಳಿಗೆ ಫಿಟ್ಸ್ ಬಂದಿತ್ತು. ಕೈಗೆ ಕಬ್ಬಿಣ ಕೊಟ್ಟು ಸುತ್ತ ಕೂತಿದ್ದರು. ಟೆಂಪೋದಲ್ಲಿ ಆಸ್ಪತ್ರೆಗೆ ತರುವಾಗ ದಾರಿಯಲ್ಲೇ ಹೋದಳು. ಹೊಟ್ಟೆಯೊಳಗಿನ ಮಗುವೂ ಉಳಿಯಲಿಲ್ಲ.

ಬಸುರಿಯರ ತಾಯಂದಿರಿಗೂ ಕಲಿಸೋಣ ಎಂದು ನಾನು ಆಫೀಸಿನಲ್ಲಿ ಕೇಳಿದೆ. "ಆದೇಶ ಇರೋದು ಗಂಡಂದಿರಿಗೆ ಕಣಮ್ಮ" ಎಂದರು. ಅದೇ ಡೈರಿಯಲ್ಲಿ, ಹೆಂಡತಿಯರನ್ನು ತವರಿಗೆ ಕಳಿಸಿ ಬಂದವರ ಮುಂದೆ, ಅದೇ ಪಾಠ ಮುಂದುವರಿಸಿದೆ.

ತಿಂಗಳ ಮೇಲೆ ಅವನು ಬಂದ. ಪಾಠ ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದ. ನಾನೇ ಹತ್ತಿರ ಹೋದೆ. ಬೈದರೆ ಬೈಯಲಿ ಎಂದುಕೊಂಡೆ, ಅವನು ಬೈಯಲಿಲ್ಲ.

"ನಂಗ್ಯಾಕೆ ಯೋಳ್ಕೊಟ್ರಿ ನರ್ಸಮ್ಮ? ಏನೂ ಗೊತ್ತಿಲ್ದೆ ಇದ್ದಿದ್ರೆ, ನಮ್ ಹಣೇಬರ ಅಂತ ಅತ್ತು ಸುಮ್ಕಾಗ್ತಿದ್ದೆ."