ಚುಕ್ಕಿ ಇಡಬೇಕಾಗಿದ್ದ ಜಾಗ

ಇತಿಹಾಸ ಓದಿ, ಮೂವತ್ತು ವರ್ಷ ಅದನ್ನೇ ಪಾಠ ಹೇಳಿ ನಿವೃತ್ತನಾದವನು ನಾನು. ಯಾರಾದರೂ ದೆವ್ವ, ಮಾಟ, ಶಕುನ ಎಂದು ಬಾಯಿ ತೆರೆದರೆ ಸಾಕು, 'ಆಧಾರ ಏನು?' ಎಂದು ಕೇಳಿ ಅವರ ಬಾಯಿ ಮುಚ್ಚಿಸುವುದು ನನ್ನ ಚಾಳಿ. ಇದರಿಂದಾಗಿ ಮದುವೆಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಅಂಥವನು ಇದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಆಗ ನಾನು ಮೈಸೂರಿನಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಇತಿಹಾಸ ಮೇಜರ್. ಚಾಮರಾಜಪುರಂನ ಒಂದು ಮನೆಯ ಹಿತ್ತಲ ಕೋಣೆಯಲ್ಲಿ ವಾಸ. ನಮ್ಮದು ರಾಗಿ ಬೆಳೆಯುವ ಮನೆ, ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮಗೆ ಶಾಸನ ಓದುವುದನ್ನು ಕಲಿಸುತ್ತಿದ್ದ ಮೇಷ್ಟ್ರು ಬಹಳ ಕಟ್ಟುನಿಟ್ಟಿನವರು. ಅವರಿಗೆ ಒಂದೇ ಧರ್ಮ: "ಕಲ್ಲು ಹೇಳದ್ದನ್ನ ನೀನು ಹೇಳಬೇಡ ಕಣಯ್ಯ. ಅಕ್ಷರ ಸವೆದಿರೋ ಕಡೆ ಚುಕ್ಕಿ ಇಡು. ಚುಕ್ಕಿ ಇಡೋಕೆ ನಾಚಿಕೊಳ್ಳೋನು ಇತಿಹಾಸ ಓದಬಾರದು." ಹಿಂದಿನ ವರ್ಷ ಒಬ್ಬ ಹುಡುಗ ಸವೆದ ಜಾಗದಲ್ಲಿ ತನಗೆ ತೋಚಿದ ರಾಜನ ಹೆಸರು ತುಂಬಿದ್ದಕ್ಕೆ ಅವನನ್ನು ಮೇಜರ್‌ನಿಂದಲೇ ಬಿಡಿಸಿದ್ದರು.

ನನ್ನ ಪಾಲಿಗೆ ಬಂದದ್ದು ಊರಾಚೆಯ ಒಂದು ಕಲ್ಲು. ಈಗ ರಾಮಕೃಷ್ಣನಗರದ ಮನೆಗಳಿರುವ ಕಡೆ ಆಗ ಹೊಲಗಳು. ಅಲ್ಲಿ ನಿಂಗಮ್ಮ ಎಂಬ ಮುದುಕಿಯ ಹೊಲದ ಬಾವಿಯ ಪಕ್ಕದಲ್ಲಿ ಅದು ಮಲಗಿತ್ತು. "ಅದ್ರ್ ಮ್ಯಾಲೆ ಬಟ್ಟೆ ಒಗ್ದೂ ಒಗ್ದೂ ನುಣ್ಣಗಾಗ್ಬುಟ್ಟೈತೆ ಕಣಪ್ಪ, ಏನ್ ಸಿಕ್ಕಾತು ನಿಂಗೆ?" ಎಂದು ಆಕೆ ನಕ್ಕಳು. ನಾನು ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗೀರುಗಳೊಳಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದೆ. ಮೇಲೆ ಮಸಿ ಒತ್ತಿದೆ. ಹೀಗೆ ಅಚ್ಚು ತೆಗೆದರೆ ಕಪ್ಪು ಕಾಗದದಲ್ಲಿ ಅಕ್ಷರಗಳು ಬೆಳ್ಳಗೆ ಮೂಡುತ್ತವೆ.

ಕೋಣೆಗೆ ಬಂದು ಅದನ್ನು ಓದಿದೆ. ಮೇಲಿನ ಸಾಲುಗಳು ಪೂರ್ತಿ ಹಾಳಾಗಿದ್ದವು. ಕೊನೆಯದು ಮಾತ್ರ ಉಳಿದಿತ್ತು: 'ನೀರ ಬಿದ್ದು ಸತ್ತ ತಂಗಿ', ಆಮೇಲೆ ನಾಲ್ಕೈದು ಅಕ್ಷರದಷ್ಟು ನುಣುಪು ಜಾಗ, ಆಮೇಲೆ 'ಗೆ ಅಣ್ಣ ನಿಲಿಸಿದ ಕಲ್ಲು'.

ನನಗೊಬ್ಬಳು ತಂಗಿ ಇದ್ದಳು. ನಮ್ಮ ಅತ್ತೆಯ ಹೆಸರೂ ಹೊನ್ನಿಯೇ ಆದ್ದರಿಂದ ಇವಳನ್ನು ಎಲ್ಲರೂ ಪುಟ್ಟಹೊನ್ನಿ ಎನ್ನುತ್ತಿದ್ದರು. ನಾನು ಮಿಡ್ಲ್ ಸ್ಕೂಲ್ ಪರೀಕ್ಷೆಗೆ ಓದುತ್ತಿದ್ದಾಗ ಅವ್ವ ನೀರು ತಾ ಎಂದಳು. ನಾನು ಪುಸ್ತಕದಿಂದ ತಲೆ ಎತ್ತದೆ, "ನೀನೇ ಹೋಗಮ್ಮಿ" ಎಂದು ತಂಗಿಯನ್ನು ಕಳಿಸಿದೆ. ಅವಳು ಬಾವಿಯಿಂದ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ.

ಓದಿದ್ದನ್ನು ಬೇರೆ ಹಾಳೆಗೆ ಇಳಿಸುವಾಗ ಆ ನುಣುಪು ಜಾಗಕ್ಕೆ ನಾನು ಚುಕ್ಕಿ ಇಡಲಿಲ್ಲ, ಪುಟ್ಟಹೊನ್ನಿ ಎಂದು ಬರೆದೆ. ಯಾಕೆ ಎಂದು ಕೇಳಬೇಡಿ. ಲೋಕದಲ್ಲಿ ಎಲ್ಲಾದರೂ ಒಂದು ಕಡೆ ಅವಳ ಹೆಸರು ಇರಲಿ ಅನ್ನಿಸಿತು, ಅಷ್ಟೆ. ಬೆಳಿಗ್ಗೆ ಅಳಿಸಿಬಿಡೋಣ ಎಂದುಕೊಂಡೆ. ಬೆಳಿಗ್ಗೆ ಅಳಿಸಲು ಮನಸ್ಸು ಬರಲಿಲ್ಲ. ಹಾಗೆಯೇ ಮೇಷ್ಟ್ರ ಕೈಗೆ ಕೊಟ್ಟೆ. ಅಚ್ಚಿನ ಕಾಗದ ಎಲ್ಲಿ ಎಂದು ಕೇಳಿದರು. ನೆನೆದು ಹರಿದುಹೋಯಿತು ಎಂದೆ. ಅದು ನನ್ನ ಟ್ರಂಕಿನ ತಳದಲ್ಲಿತ್ತು.

ನಾಲ್ಕು ದಿನವಾದ ಮೇಲೆ ಮೇಷ್ಟ್ರು ನನ್ನನ್ನು ಕರೆದರು. "ಚೆನ್ನಾಗಿದೆಯಯ್ಯ. ರಾಜರ ಕಲ್ಲು ಬೇಕಾದಷ್ಟಿವೆ, ಇಂಥದ್ದು ಅಪರೂಪ. ಇತಿಹಾಸ ಸಂಘದಲ್ಲಿ ನೀನೇ ಓದು. ಅದಕ್ಕೆ ಮುಂಚೆ ನಾನೂ ಒಂದ್ಸಲ ಕಲ್ಲು ನೋಡಿಬಿಡ್ತೀನಿ. ಸೈಕಲ್ ತೆಗಿ."

ಆ ಮಧ್ಯಾಹ್ನದ ದಾರಿಯನ್ನು ನಾನು ಮರೆಯಲಾರೆ. ಮುಂದೆ ಮೇಷ್ಟ್ರ ಸೈಕಲ್ಲು, ಅದರ ಹಿಂದಿನ ಕ್ಯಾರಿಯರ್‌ನಲ್ಲಿ ಹೊಸ ಕಾಗದದ ಸುರುಳಿ. ಹಿಂದೆ ನಾನು. ಮೇಜರ್ ಹೋದರೆ ಊರಿಗೆ ಹೋಗಿ ಅಪ್ಪನ ಮುಂದೆ ಏನೆಂದು ನಿಲ್ಲಲಿ? ಅದಕ್ಕಿಂತ ಹೆಚ್ಚಾಗಿ, ಆ ಹೆಸರು ಯಾರದು ಎಂದು ಕೇಳಿದರೆ ಏನು ಹೇಳಲಿ? ದಾರಿಯಲ್ಲಿ ಎರಡು ಸಲ 'ಸಾರ್' ಎಂದೆ. ಎರಡು ಸಲವೂ ಅವರು ತಿರುಗಿದರು, ನಾನು ಬಿಸಿಲಿನ ಮಾತಾಡಿದೆ.

ಮೇಷ್ಟ್ರು ಕನ್ನಡಕ ತೆಗೆದಿಟ್ಟು, ತೋಳು ಮಡಿಚಿ, ತಾವೇ ಕಾಗದ ಹಾಸಿದರು. ನನಗೆ ಇನ್ನಷ್ಟು ನೀರು ತರಲು ಹೇಳಿದರು. ಬಾವಿಯಿಂದ ಸೇದುವಾಗ ಹಗ್ಗ ಕೈಯಿಂದ ಜಾರಿ ಕೊಡ ದುಡುಮ್ಮನೆ ನೀರಿಗೆ ಬಿತ್ತು. ನಾನು ಬೆಚ್ಚಿಬಿದ್ದೆ. ಅವರು ಬಡಿಯುತ್ತಲೇ ಇದ್ದರು. ಆಮೇಲೆ ಮಸಿ ಒತ್ತತೊಡಗಿದರು, ಮೇಲಿನಿಂದ ಕೆಳಕ್ಕೆ, ನಿಧಾನವಾಗಿ. ಕೊನೆಯ ಸಾಲಿಗೆ ಬಂದರು. 'ನೀರ ಬಿದ್ದು ಸತ್ತ' ಬಂತು. 'ತಂಗಿ' ಬಂತು. ಎಲ್ಲ ಒಪ್ಪಿಕೊಂಡುಬಿಡೋಣ ಎಂದು ಅವರ ಭುಜ ಮುಟ್ಟಿದೆ.

"ಹೂಂ, ಸರಿಯಾಗೇ ಓದಿದೀಯ," ಎಂದರು ಮೇಷ್ಟ್ರು. "ಪುಟ್ಟಹೊನ್ನಿ."

ನಾನು ಬಗ್ಗಿ ನೋಡಿದೆ. ಕಪ್ಪಿನ ನಡುವೆ ಬೆಳ್ಳಗೆ ನನ್ನ ತಂಗಿಯ ಹೆಸರು ಇತ್ತು. ಉಳಿದ ಅಕ್ಷರಗಳನ್ನು ಕೆತ್ತಿದ ಕೈಯೇ ಅದನ್ನೂ ಕೆತ್ತಿತ್ತು. ಕಾಗದ ಎತ್ತಿದ ಮೇಲೆ ಕಲ್ಲಿನ ಮೇಲೆ ಬೆರಳಾಡಿಸಿದೆ. ಅಂಚುಗಳು ಉಳಿದವುಗಳಂತೆಯೇ ಸವೆದಿದ್ದವು, ಹೊಸ ಉಳಿಯ ಗುರುತು ಒಂದೂ ಇಲ್ಲ. ನಿಂಗಮ್ಮ ಅಲ್ಲಿಗೆ ಬಂದಳು. ಈ ನಡುವೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

"ಯಾರ್ ಬಂದಾರು ಬುಡಪ್ಪ! ನೀನ್ ಬಂದೋದ್ಮ್ಯಾಕೆ ನಾನೂ ಅದ್ರ್ ಮ್ಯಾಲೆ ಬಟ್ಟೆ ಒಗ್ದಿಲ್ಲ. ಅಕ್ಸರ ಐತೆ ಅಂದ್ಯಲ್ಲ, ಎಂಗೆ ತುಳಿಯೋದು?"

ಬರುವಾಗ ಮೇಷ್ಟ್ರಿಗೆ, "ಸಾರ್, ಮೊದಲ ಸಲ ಆ ಹೆಸರು ನನಗೆ ಸರಿಯಾಗಿ ಕಂಡಿರಲಿಲ್ಲ" ಎಂದಷ್ಟೇ ಹೇಳಿದೆ. "ಕೆಲವು ಅಕ್ಷರ ಇಳಿಬಿಸಿಲಿಗೆ ಮಾತ್ರ ಕಾಣ್ತವೆ ಕಣಯ್ಯ" ಎಂದರು. ಕಣ್ಣಿನ ವಿಷಯ ಹಾಗಿರಬಹುದು. ಕಾಗದಕ್ಕೆ ಬಿಸಿಲಿನ ಹಂಗಿಲ್ಲವಲ್ಲ! ಕೋಣೆಗೆ ಬಂದವನೇ ಟ್ರಂಕು ತೆರೆದು ಮೊದಲ ಅಚ್ಚು ನೋಡಿದೆ. ಆ ಜಾಗ ಪೂರ್ತಿ ಕಪ್ಪಾಗಿತ್ತು, ಅಲ್ಲಿ ಒಂದು ಗೀರೂ ಇರಲಿಲ್ಲ.

ಸಂಘದಲ್ಲಿ ಓದಿದೆ, ಚಪ್ಪಾಳೆ ಬಿತ್ತು. ಮೇಷ್ಟ್ರು ತೆಗೆದ ಅಚ್ಚನ್ನೂ ನನಗೇ ಕೊಟ್ಟರು. ರಜೆಯಲ್ಲಿ ಅದನ್ನು ಊರಿಗೆ ಒಯ್ದು ಅವ್ವನೊಬ್ಬಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಓದು ಬಾರದು. "ಅವಳ ಎಸ್ರು ಎಲ್ಲೈತೆ?" ಎಂದಳು. ಅವಳ ಬೆರಳು ಹಿಡಿದು ಹೆಸರಿನ ಮೇಲಿಟ್ಟೆ. ಬಹಳ ಹೊತ್ತು ಅಲ್ಲಿಂದ ಬೆರಳು ತೆಗೆಯಲಿಲ್ಲ. ಆಮೇಲೆ ಮುಂದಿನ ಅಕ್ಷರಗಳನ್ನು ತೋರಿಸಿ ಅಲ್ಲಿ ಏನಿದೆ ಎಂದು ಕೇಳಿದಳು. ಓದಿ ಹೇಳಿದೆ.

"ಅಣ್ಣ ನಿಲ್ಸಿದ್ ಕಲ್ಲು ಅಂತೈತಲ್ಲ, ಇನ್ನೇನ್ ಬೇಕು ಮಗ. ಅವಳು ಒಪ್ಕಂಡವ್ಳೆ. ಅಳಬ್ಯಾಡ," ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು.

ಎರಡು ಅಚ್ಚುಗಳೂ ಇವತ್ತಿಗೂ ನನ್ನ ಬಳಿ ಇವೆ. ಕಲ್ಲು ಇಲ್ಲ, ಆ ಹೊಲದ ಮೇಲೆ ಯಾರದೋ ಮನೆ ಎದ್ದಿದೆ. ಒಂದೇ ಕಲ್ಲಿನ ಎರಡು ಅಚ್ಚು ಬೇರೆ ಬೇರೆ ಹೇಳಿದರೆ ಒಂದು ಸುಳ್ಳು ಎಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೇನೆ. ಯಾವುದು ಸುಳ್ಳೋ ನನಗೆ ಗೊತ್ತಿಲ್ಲ. ಅವ್ವನ ಮಾತು ನಿಜವಿರಲಿ ಎಂದು ಆಸೆಪಡುತ್ತೇನೆ. ಆದರೆ ಟ್ರಂಕು ತೆರೆದಾಗಲೆಲ್ಲ ನಾನು ಮೊದಲು ಕೈಗೆತ್ತಿಕೊಳ್ಳುವುದು ಹೆಸರಿಲ್ಲದ ಕಾಗದವನ್ನೇ. ಅವಳನ್ನು ನೀರಿಗೆ ಕಳಿಸಿದವನು ನಾನು, ಕಲ್ಲು ನಿಲ್ಲಿಸಿದವನು ಯಾರೋ.